ಬಿಸಿಲು ಸಾಲದ ನೀರು

"ಬಿಸಿಲು ಸಾಲ್ಲಿಲ್ಲ ಅನ್ಸುತ್ತೆ" ಎಂದ ಚನ್ನಕೇಶವ.

ಒರಳುಕಲ್ಲಿನ ಪಕ್ಕ ಕುಳಿತು ಬಾಟಲಿಯೊಂದರ ಮುಚ್ಚಳ ತಿರುಗಿಸುತ್ತಿದ್ದ ಸೆಲ್ವಿಯ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. ಅವಳ ಅತ್ತೆ ಶ್ಯಾಮಲಮ್ಮ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲಿದ್ದರು. ಎರಡೂವರೆ ವರ್ಷದ ಭೂಮಿಕಾ ವಾಂತಿಭೇದಿಯಾಗಿ ಡೆಂಕಣಿಕೋಟೆಯ ಆಸ್ಪತ್ರೆಗೆ ಸೇರಿ, ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದಳು. ಸೂಜಿ ಚುಚ್ಚಿದ ಕೈಯಲ್ಲಿ ಪ್ಲಾಸ್ಟರ್ ಹಾಗೇ ಇತ್ತು.

"ಅಂಗಂದ್ರೆ?" ಎಂದರು ಶ್ಯಾಮಲಮ್ಮ.

"ಬಾಟ್ಲಿ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಬಿಸಿಲಲ್ಲಿರ್ಬೇಕಮ್ಮ. ಮೋಡ ಇದ್ರೆ ಎರಡು ದಿನ. ಬೇಗ ಇಳಿಸಿದ್ರೆ ಕ್ರಿಮಿ ಸಾಯಲ್ಲ. ಎಲ್ಲೋ ಹೆಚ್ಚುಕಮ್ಮಿ ಆಗಿರ್ಬೇಕು."

ಯಾರಿಂದ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ಬಾಟಲಿಗೆ ನೀರು ತುಂಬಿ ಸೂರಿನ ಶೀಟಿನ ಮೇಲೆ ಇಡುತ್ತಿದ್ದವಳೂ ಇಳಿಸುತ್ತಿದ್ದವಳೂ ಸೆಲ್ವಿ ಒಬ್ಬಳೇ.

"ಏನಮ್ಮಾ, ಬಿರ್ನೆ ಇಳಿಸ್ಬುಟ್ಟಾ?" ಎಂದು ಮಾವ ಗೋಪಾಲಪ್ಪ ಮೆಲ್ಲಗೆ ಕೇಳಿದರು.

ಸೆಲ್ವಿ ಕೈಯಲ್ಲಿದ್ದ ಮುಚ್ಚಳವನ್ನು ಬಿಗಿ ಮಾಡಿದಳು.

"ಕೇಳ್ತಾವ್ರಲ್ಲ, ಬಾಯಿ ಬಿಡು" ಎಂದರು ಶ್ಯಾಮಲಮ್ಮ.

ಆಗಲೂ ಸೆಲ್ವಿ ಸುಮ್ಮನಿದ್ದಳು. ಯಾವ ದಿನದ ನೀರು, ಆ ದಿನ ಮೋಡವಿತ್ತೋ ಇಲ್ಲವೋ ಎಂದು ಮನಸ್ಸಿನಲ್ಲೇ ಹುಡುಕುತ್ತಿರುವವಳಂತೆ ಅವಳ ಹುಬ್ಬು ಗಂಟಿಕ್ಕಿತ್ತು. ಬೇಲಿಯಾಚೆ ನಿಂತಿದ್ದ ಅಕ್ಕಪಕ್ಕದ ಮನೆಗಳ ಹೆಂಗಸರು ಆ ಮೌನವನ್ನು ಉತ್ತರವೆಂದು ತೆಗೆದುಕೊಂಡರು. ಚನ್ನಕೇಶವನೂ ಹಾಗೆಯೇ ತೆಗೆದುಕೊಂಡ. ಅವನಿಗೆ ಅದು ಬೇಕಾಗಿತ್ತು.

ನಾಟ್ರಾಂಪಾಳ್ಯದಿಂದ ಕಾಡಿನ ದಾರಿಯಲ್ಲಿ ನಡೆದು ಬರಬೇಕಾದ ಆ ಹಟ್ಟಿಗೆ ಅವನು ಒಂದು ವರ್ಷದಿಂದ ಬರುತ್ತಿದ್ದ. ಹೊಸೂರಿನ ಸಣ್ಣ ಸಂಸ್ಥೆಯೊಂದರ ಕೆಲಸ. ಬೋರು ಕೆಟ್ಟ ಮೇಲೆ ಅಲ್ಲಿಯವರು ಕುಡಿಯುತ್ತಿದ್ದುದು ಹಳ್ಳದ ಮರಳಿನಲ್ಲಿ ತೋಡಿದ ಒರತೆಯ ನೀರು. ದನಗಳು ಬಾಯಿ ಹಾಕುವುದೂ ಅಲ್ಲಿಯೇ. ಸೌದೆ ತರಲು ಕಾಡಿಗೆ ಹೋದರೆ ಆನೆಯ ಭಯ, ಅರಣ್ಯದವರ ಭಯ. ಹಾಗಾಗಿ ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿ ಉಪಯೋಗವಿರಲಿಲ್ಲ. ಬಿಸಿಲು ಮಾತ್ರ ಬೇಕಾದಷ್ಟಿತ್ತು. ಹೊಸೂರಿನ ಕಲ್ಯಾಣ ಮಂಟಪಗಳಲ್ಲಿ ಎಸೆದ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗಳನ್ನು ಗೋಣಿಚೀಲದಲ್ಲಿ ತುಂಬಿ ತಂದು, ಮೇಲಿನ ಚೀಟಿ ಕಿತ್ತು, ಸೀರೆಯ ಬಟ್ಟೆಯಲ್ಲಿ ಸೋಸಿದ ನೀರು ತುಂಬಿ, ಮನೆಯ ಶೀಟಿನ ಮೇಲೆ ಮಲಗಿಸುವುದನ್ನು ಅವನು ಕಲಿಸಿದ್ದ. ಮೊದಲು ಒಪ್ಪಿದವಳು ಸೆಲ್ವಿ. ಅವಳನ್ನು ನೋಡಿ ಉಳಿದ ಮನೆಯವರು ಒಪ್ಪಿದ್ದರು.

ಈಗ ಅದೇ ಹೆಂಗಸರು ಬೇಲಿಯಾಚೆ ನಿಂತು ನೋಡುತ್ತಿದ್ದುದು ಮಗುವನ್ನಲ್ಲ, ಅವನನ್ನು. ಬಾಟಲಿಯ ನೀರು ಕುಡಿದೇ ಮಗು ಮಲಗಿತು ಎಂದಾಗಿದ್ದರೆ ಸಂಜೆಯೊಳಗೆ ಎಲ್ಲ ಶೀಟುಗಳೂ ಖಾಲಿಯಾಗುತ್ತಿದ್ದವು. ಸಂಸ್ಥೆಗೆ ನೆರವು ಕೊಡುವವರು ಮುಂದಿನ ತಿಂಗಳು ನೋಡಲು ಬರುವವರಿದ್ದರು. ಇದೆಲ್ಲ ಅವನು ಯೋಚಿಸಿ ಆಡಿದ್ದಲ್ಲ. ಮಾತು ತಾನಾಗಿ ಬಂತು. ಬಂದ ಮೇಲೆ ಬೇಲಿಯ ಬಳಿಯಿದ್ದ ಮುಖಗಳು ಸಡಿಲವಾದದ್ದನ್ನು ನೋಡಿ ಅವನಿಗೆ ನಿರಾಳವಾಯಿತು.

ಹೊರಡುವಾಗ ಎಂದಿನಂತೆ ಶೀಟಿನ ಮೇಲಿಂದ ಎರಡು ಬಾಟಲಿ ತೆಗೆದುಕೊಂಡ. ಸೆಲ್ವಿ ಹಿಂದಿನ ದಿನ, ಆಸ್ಪತ್ರೆಯಿಂದ ಬರುವ ಮಗುವಿಗೆಂದು ಇಟ್ಟಿದ್ದ ನೀರು. ಪರೀಕ್ಷೆಗೆ ಸಂಸ್ಥೆಯಲ್ಲಿ ಪುಟ್ಟ ಗಾಜಿನ ಸೀಸೆಗಳಿದ್ದವು; ಒಳಗೆ ಔಷಧಿ ಹಚ್ಚಿದ ಕಾಗದದ ಚೂರು. ನೀರು ಕೆಟ್ಟಿದ್ದರೆ ಮಾರನೆಯ ದಿನಕ್ಕೆ ಕಪ್ಪಾಗುತ್ತದೆ. ಮಾರನೆಯ ದಿನ ಎರಡೂ ಸೀಸೆಗಳು ತಿಳಿಯಾಗಿದ್ದವು. ಅವನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದ. ಇವು ಬೇರೆ ದಿನದ ಬಾಟಲಿ, ಮಗು ಕುಡಿದ ದಿನದ್ದು ಬೇರೆಯಿರಬಹುದು, ಎಂದು ತನಗೆ ತಾನೇ ಹೇಳಿಕೊಂಡು ಸೀಸೆಗಳನ್ನು ತೊಳೆಯಲು ಹಾಕಿದ.

ಮುಂದಿನ ವಾರ ಹಟ್ಟಿಗೆ ಹೋದಾಗ ಗೋಪಾಲಪ್ಪ ದೂರದಿಂದಲೇ ಕೂಗಿದರು. "ಬತ್ತಾವ್ರೆ ನೋಡ್ರಪ್ಪಾ ಬಾಟ್ಲಿ ಸಾರು. ಮೊದ್ಲು ನಮ್ಮಟ್ಟೀಲಿ ಬಾಟ್ಲಿ ಇಡ್ಕೊಂಡು ಯಾರಾದ್ರೂ ಬಂದ್ರೆ ನಾವು ಖುಷಿಯಾಗ್ತಿದ್ವಿ. ಈಗ ಒಳ್ಗೆ ನೀರೇ ಅಂತ ಗ್ಯಾರಂಟಿ ಆಗೋಗೈತೆ."

ಚನ್ನಕೇಶವ ನಕ್ಕ. ಶೀಟಿನ ಮೇಲೆ ಬಾಟಲಿಗಳು ಪರೇಡಿಗೆ ನಿಂತಂತೆ ಒಂದರ ಪಕ್ಕ ಒಂದು ಮಲಗಿದ್ದವು. ಶ್ಯಾಮಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಈಗ ನಾನೇ ಇಡೋದು. ಅವ್ಳ ಕೈಗೆ ನೀರು ಕೊಡಾಕಿಲ್ಲ ಇನ್ನ. ಒಲೆ ಮುಂದೆ ಮಾಡ್ಲಿ, ಆಡು ಮೇಯಿಸ್ಲಿ, ಏನಾದ್ರೂ ಮಾಡ್ಕಳ್ಲಿ. ನೀರು ಮುಟ್ಟಂಗಿಲ್ಲ. ಮಗೀಗಂತೂ ನಾನೇ ಕುಡಿಸ್ತೀನಿ. ಮುರುಗೇಶಂಗೂ ಹೇಳಿವ್ನಿ. ಫೋನಲ್ಲೇ ಉಗಿದವ್ನೆ."

ಮುರುಗೇಶ್ ಸೆಲ್ವಿಯ ಗಂಡ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಮೂಕಂಡಪಲ್ಲಿಯಲ್ಲಿ ನಾಲ್ಕು ಜನ ಸೇರಿ ರೂಮು ಮಾಡಿಕೊಂಡಿದ್ದರು. ಭಾನುವಾರಗಳಂದು ಊರಿಗೆ ಬರುತ್ತಿದ್ದವನು ಈ ಸಲ ಬಂದಿರಲಿಲ್ಲ.

ಸೆಲ್ವಿ ಅಂಗಳದ ಮೂಲೆಯಲ್ಲಿ ರಾಗಿ ಕೇರುತ್ತಿದ್ದಳು. ಅವನ ಕಡೆ ನೋಡಲಿಲ್ಲ. ಭೂಮಿಕಾ ಅವಳ ಬೆನ್ನಿಗೆ ಜೋತುಬಿದ್ದು ಆಡುತ್ತಿದ್ದವಳು, "ಅಮ್ಮಾ ತಣ್ಣಿ" ಎಂದು ನೀರು ಕೇಳಿದಳು. ಸೆಲ್ವಿ ಮೊರ ಕೆಳಗಿಟ್ಟು ಏಳಲು ಹೋಗಿ, ಹಾಗೆಯೇ ಕುಳಿತು, "ಅಜ್ಜೀನ ಕೇಳು ಕಣೇ" ಎಂದಳು.

"ಅಕ್ಕ ಇಟ್ಟ ಬಾಟ್ಲೀನೂ..." ಎಂದು ಚನ್ನಕೇಶವ ಸೆಲ್ವಿಯ ಕಡೆ ನೋಡುತ್ತ ಶುರುಮಾಡಿದ.

"ಏನಂದ್ರಿ?" ಎಂದರು ಶ್ಯಾಮಲಮ್ಮ.

"ಏನಿಲ್ಲ. ಚೆನ್ನಾಗಿ ಇಟ್ಟಿದ್ದೀರಿ ಅಂದೆ."

ಶ್ಯಾಮಲಮ್ಮನ ಮುಖ ಅರಳಿತು. ಒಳಗಿನ ಮಡಕೆಯಿಂದ ಲೋಟದಲ್ಲಿ ನೀರು ತಂದು ಮೊದಲು ಅವನಿಗೆ ಕೊಟ್ಟರು. "ಕುಡೀರಿ. ಐಸಿನಂಗೈತೆ." ಅವನು ಕುಡಿದ. ನೀರು ನಿಜಕ್ಕೂ ತಂಪಾಗಿತ್ತು. ಅದೇ ಲೋಟವನ್ನು ಮತ್ತೆ ಮಡಕೆಯಲ್ಲಿ ಅದ್ದಿ ಮಗುವಿಗೆ ಕುಡಿಸಿದರು. ಮೊರದ ಶಬ್ದ ಮತ್ತೆ ಶುರುವಾಯಿತು. ಆ ಶಬ್ದ ಕೇಳುತ್ತ ಅವನು ಮುಂದಿನ ಮನೆಗೆ ಹೋದ.

ಬಸ್ಸಿನಲ್ಲಿ ಹಿಂದಿರುಗುವಾಗ ಅವನು ಏನೇನೋ ಲೆಕ್ಕ ಹಾಕಿದ. ಈಗ ಹೇಳಿದರೆ ಅಂದು ಸುಳ್ಳು ಹೇಳಿದಂತಾಗುತ್ತದೆ. ಸುಳ್ಳೇನೂ ಅಲ್ಲವಲ್ಲ, 'ಅನ್ಸುತ್ತೆ' ಎಂದಿದ್ದೆ. ಹೇಳದಿದ್ದರೆ ನಾಲ್ಕು ದಿನಕ್ಕೆ ಎಲ್ಲರೂ ಮರೆಯುತ್ತಾರೆ. ಅತ್ತೆ ಸೊಸೆ ಅಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಆದರೆ ಸೆಲ್ವಿ ಅರ್ಧ ಎದ್ದು ಕುಳಿತದ್ದು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಚನ್ನಕೇಶವನ ಮನೆಯೂ ಮೂಕಂಡಪಲ್ಲಿಯಲ್ಲೇ. ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಮಾಲೂರು ಕಡೆಯಿಂದ ಬಂದು ನೆಲೆಸಿದ್ದು. ಅಪ್ಪ ತೀರಿಹೋದ ಮೇಲೆ ತಾಯಿ ಕಮಲಮ್ಮ ಮತ್ತು ಅವನು ಇಬ್ಬರೇ. ಆ ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕಮಲಮ್ಮನಿಗೆ ಸೊಂಟ ಹಿಡಿದಿತ್ತು. ಚನ್ನಕೇಶವ ತಾನೇ ಅಡುಗೆಮನೆಯ ಮಡಕೆಯನ್ನು ಬಚ್ಚಲಿಗೆ ಒಯ್ದು, ಬಗ್ಗಿಸಿ, ತೆಂಗಿನ ನಾರು ಹಾಕಿ ಒಳಗೆಲ್ಲ ಉಜ್ಜತೊಡಗಿದ. ತಳದಲ್ಲಿ ಕೈಗೆ ಲೋಳೆ ಹತ್ತಿತು.

"ಲೋ, ಮಡಕೆ ಪೂರ್ತಿ ಬಗ್ಗಿಸ್ಬುಟ್ಟೇನ್ಲಾ?" ಹಿಂದೆ ಕಮಲಮ್ಮ ಬಾಗಿಲು ಹಿಡಿದು ನಿಂತಿದ್ದರು.

"ತೊಳೀತಿದೀನಿ ಕಣಮ್ಮ."

"ತೊಳಿ, ಯಾರ್ ಬ್ಯಾಡ ಅಂದ್ರು. ತಳದಾಗೆ ಒಂದು ಬೊಗಸೆ ಉಳಿಸ್ಕೊಂಡು ತೊಳೀಬೇಕು. ಶುಕ್ರವಾರ ಅನ್ನೋದೂ ಗ್ಯಾನ ಇಲ್ಲ ನಿಂಗೆ."

"ಒಳಗೆ ನೀರಿಟ್ಕೊಂಡು ಹೆಂಗಮ್ಮ ತೊಳಿಯೋದು?"

"ಹೊರಗಡೆ ತೊಳಿಯಪ್ಪ. ಒಳಗೇನಾಗಿರ್ತದೆ, ನೀರು ತಾನೇ ಇರೋದು? ಬರಿದು ಮಡಕೆ ಮನೇಲಿ ಇಡಬಾರ್ದು ಕಣ್ಲಾ. ಲಕ್ಷ್ಮಿ ಹೊರಟೋಗ್ತಾಳೆ. ನಿಮ್ಮಜ್ಜಿ ಇದ್ದಿದ್ರೆ ನಿನ್ನ ಕೈ ಮುರಿತಿದ್ರು."

ಅವನಿಗೆ ಇದು ಹೊಸದಲ್ಲ. ಹುಟ್ಟಿದಾಗಿನಿಂದ ನೋಡಿದ್ದ. ಅಜ್ಜಿ ಹಳೆಯ ನೀರಿನ ಮೇಲೆಯೇ ಹೊಸ ನೀರು ಹಾಕುವುದು, ಅಮ್ಮ ಹಾಕುವುದು. ನೋಡಿ ನೋಡಿ ಕಣ್ಣಿಗೇ ಬೀಳದಂತಾಗಿತ್ತು. ನಾರು ಹಿಡಿದ ಕೈ ಮಡಕೆಯೊಳಗೇ ಉಳಿಯಿತು.

"ಎಲ್ಲರ ಮನೇಲೂ ಹಿಂಗೇನಾ ಅಮ್ಮ? ಕಾಡುಕಡೆ ಹಟ್ಟಿಗಳಲ್ಲೂ?"

"ಯಾವೂರಲ್ಲಿ ಇಲ್ಲ? ಕೆಮಿಸ್ಟ್ರಿ ಓದಿದ್ಯಲ್ಲ, ಇದೊಂದು ಹೇಳ್ಕೊಡ್ಲಿಲ್ವಾ ಕಾಲೇಜಲ್ಲಿ?"

ಬಾಟಲಿ ಹೇಗಿರಬೇಕು, ನೀರು ಎಷ್ಟು ತಿಳಿಯಾಗಿರಬೇಕು, ಎಷ್ಟು ಹೊತ್ತು ಬಿಸಿಲು, ಎಲ್ಲವನ್ನೂ ಅವನು ಹಟ್ಟಿಯವರಿಗೆ ಹೇಳಿದ್ದ. ಮೊದಮೊದಲು ಹೆಂಗಸರು, "ಬಿಸಿನೀರು ಹೆಂಗ್ ಕುಡಿಯೋದು ಸಾರು, ಗಂಟಲಿಗೆ ಇಳಿಯಾಕಿಲ್ಲ" ಎಂದಿದ್ದರು. ಆಗ ಅವನು ಸಲೀಸಾಗಿ ಉತ್ತರ ಕೊಟ್ಟಿದ್ದ: "ಮಡಕೆಗೆ ಹಾಕಿ ತಣ್ಣಗೆ ಮಾಡ್ಕೊಂಡು ಕುಡೀರಿ." ಅಷ್ಟು ಹೊತ್ತು ಬಿಸಿಲಿನಲ್ಲಿ ಕಾದ ನೀರನ್ನು ಒರತೆಯ ಹಳೇ ನೀರಿಗೇ ಸುರಿಯಿರಿ ಎಂದು ಅವನೇ ಹೇಳಿಕೊಟ್ಟಿದ್ದ. ಪರೀಕ್ಷೆಗೆ ನೀರು ಹಿಡಿದದ್ದು ಯಾವಾಗಲೂ ಶೀಟಿನ ಮೇಲಿಂದ. ಮಗು ಕುಡಿಯುವ ಮಡಕೆಯಿಂದ ಒಂದು ಸಲವೂ ಅಲ್ಲ.

ಈಗ ಆ ಮಗುವಿಗೆ ಅದೇ ಮಡಕೆಯ ನೀರನ್ನು ದಿನವೂ ಕುಡಿಸುತ್ತಿರುವವರು ಶ್ಯಾಮಲಮ್ಮ. ಅವನು ಕೈ ತೊಳೆದು, ತಿಂಡಿ ತಿನ್ನದೆ ಅಂಚೆಟ್ಟಿಯ ಬಸ್ಸು ಹಿಡಿಯಲು ಹೊರಟ.

ಹಟ್ಟಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಶೀಟುಗಳ ಮೇಲೆ ಬಾಟಲಿಗಳು ಹೊಳೆಯುತ್ತಿದ್ದವು. ಗೋಪಾಲಪ್ಪನ ಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಶ್ಯಾಮಲಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಮಡಿಲಲ್ಲಿ ಭೂಮಿಕಾ ಬಾಡಿದ ಸೊಪ್ಪಿನಂತೆ ಮಲಗಿದ್ದಳು. ನೆಲದ ಮೇಲೆ ಒದ್ದೆ ಬಟ್ಟೆಗಳು.

"ರಾತ್ರಿಯಿಂದ ಶುರು ಆಗೈತೆ ಸಾರು" ಎಂದರು ಗೋಪಾಲಪ್ಪ. "ಹಾಲಿನ ಟೆಂಪೋದವ್ನಿಗೆ ಹೇಳಿ ಕಳ್ಸಿವ್ನಿ. ನಾಟ್ರಾಂಪಾಳ್ಯದ ತಾವ ಬತ್ತಾನೆ."

ಶ್ಯಾಮಲಮ್ಮ ಮಡಕೆಯಿಂದ ಲೋಟದಲ್ಲಿ ನೀರು ತೆಗೆದು ಸಕ್ಕರೆ, ಉಪ್ಪು ಹಾಕಿ ಕದಡುತ್ತಿದ್ದರು. ಅದನ್ನೂ ಅವನೇ ಕಲಿಸಿದ್ದ. ಲೋಟ ಮಗುವಿನ ತುಟಿಗೆ ಹೋಗುವ ಮೊದಲು ಚನ್ನಕೇಶವ ಮಂಡಿಯೂರಿ ಅದನ್ನು ಹಿಡಿದುಕೊಂಡ.

"ಈ ನೀರು ಬೇಡಮ್ಮ."

"ಯಾಕೆ? ನಾನಿಟ್ಟ ನೀರು. ಹೊತ್ತು ನೋಡ್ಕೊಂಡು ಇಟ್ಟಿವ್ನಿ. ಅದ್ರ ಮೇಲೆ ಕಾಗೆ ಕೂರಾಕೂ ಬಿಟ್ಟಿಲ್ಲ."

"ಬಾಟ್ಲಿ ಸರಿಯಾಗೇ ಇದೆ. ಈ ಮಡಕೆ ಯಾವಾಗ ಖಾಲಿ ಮಾಡ್ತೀರಿ?"

"ಖಾಲಿ ಯಾಕ್ ಮಾಡ್ತಾರೆ?" ಶ್ಯಾಮಲಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾನು ಈ ಮನೆ ತುಂಬಿದಾಗ್ಲಿಂದ ಮಡಕೆ ಬರಿದಾಗಿಲ್ಲ."

ಅವನು ಹೇಳಿದ. ತಳದಲ್ಲಿ ಉಳಿಯುವ ಒರತೆಯ ನೀರಿನ ಬಗ್ಗೆ, ಅದರ ಮೇಲೆ ಸುರಿದ ಒಳ್ಳೆಯ ನೀರು ಕೆಡುವುದರ ಬಗ್ಗೆ, ಮಡಕೆಗೆ ಹಾಕಿ ಎಂದು ಹೇಳಿದ್ದು ತಾನೇ ಎಂಬುದರ ಬಗ್ಗೆ. ಆದಷ್ಟು ಚಿಕ್ಕ ಮಾತುಗಳಲ್ಲಿ ಹೇಳಿದ. ಹಿತ್ತಿಲ ಬಾಗಿಲಲ್ಲಿ ಸೆಲ್ವಿ ಬಂದು ನಿಂತದ್ದನ್ನು ಅವನು ಮಾತಿನ ನಡುವೆ ಕಂಡ.

ಶ್ಯಾಮಲಮ್ಮ ಲೋಟ ಬಿಟ್ಟರು. ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತ, "ಅಂಗಾದ್ರೆ ಮೊದ್ಲು ಇವ್ಳು ಇಟ್ಟಿದ್ದ ಬಾಟ್ಲಿ?" ಎಂದರು.

"ಅದೂ ಸರಿಯಾಗಿತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

ಈ ಬೆಳಿಗ್ಗೆ ಎನ್ನಬಹುದಿತ್ತು. ಮಡಕೆಯ ವಿಷಯ ತಿಳಿದದ್ದು ಈ ಬೆಳಿಗ್ಗೆಯೇ. ಹಾಗೆಂದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಸೆಲ್ವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮಗು ಆಸ್ಪತ್ರೆಯಿಂದ ಬಂದಾಗ ಎರಡು ಬಾಟ್ಲಿ ತಗೊಂಡು ಹೋದ್ನಲ್ಲ" ಎಂದ. "ಮಾರನೇ ದಿನಾನೇ ಗೊತ್ತಾಯ್ತು. ಅಕ್ಕ ಇಟ್ಟ ನೀರು ಚೆನ್ನಾಗಿತ್ತು."

ಮಗು ನರಳಿತು.

"ಆಮ್ಯಾಲೂ ಬಂದಿದ್ರಲ್ಲ ನೀವು" ಎಂದರು ಗೋಪಾಲಪ್ಪ, ಏನನ್ನೋ ನೆನಪು ಮಾಡಿಕೊಳ್ಳುವವರಂತೆ. "ನೀರು ಕುಡುದ್ರಿ. ನಾನು ತಮಾಷೆ ಮಾಡ್ದೆ, ನಕ್ರಿ."

ಸೆಲ್ವಿ ಹೊರಗೆ ಹೋಗಿ ಹಿಂದಿನ ದಿನವೇ ಬಿಸಿಲು ಕಂಡಿದ್ದ ಬಾಟಲಿಯೊಂದನ್ನು ತಂದಳು. ಬೇರೆ ಲೋಟ ತೆಗೆದು ಅದೇ ನೀರಿನಲ್ಲಿ ತೊಳೆದಳು. ಸಕ್ಕರೆ, ಉಪ್ಪು ಹಾಕಿದಳು. ಅತ್ತೆಯ ಮುಂದೆ ಕುಳಿತು ಕೈ ಚಾಚಿದಳು. ಶ್ಯಾಮಲಮ್ಮ ಮಗುವನ್ನು ಕೊಟ್ಟರು. ಕೊಟ್ಟ ಮೇಲೂ ಅವರ ಕೈಗಳು ಸ್ವಲ್ಪ ಹೊತ್ತು ಮಡಿಲಲ್ಲಿ ಹಾಗೆಯೇ ತೆರೆದುಕೊಂಡಿದ್ದವು. "ನಾನೇ ಕುಡಿಸ್ದೆ" ಎಂದರು. "ಹಟ ಮಾಡಿದ್ರೂ ಬಿಡ್ದೆ ಕುಡಿಸ್ದೆ."

"ಅಮ್ಮ, ತಪ್ಪು ನಂದು" ಎಂದ ಚನ್ನಕೇಶವ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸೆಲ್ವಿಯ ತಲೆಯ ಮೇಲಿಂದ ಭಾರ ಇಳಿಸಿದೆ ಎಂದುಕೊಂಡರೆ, ಅದು ಶ್ಯಾಮಲಮ್ಮನ ತಲೆಯ ಮೇಲೆ ಬಂದು ಕುಳಿತಿತ್ತು. ಅವನ ತಪ್ಪೊಪ್ಪಿಗೆ ಇಬ್ಬರಿಗೂ ಪ್ರಯೋಜನಕ್ಕೆ ಬರಲಿಲ್ಲ.

ಅಂಚೆಟ್ಟಿಯ ಆಸ್ಪತ್ರೆಯಲ್ಲಿ ಮಗುವಿಗೆ ಡ್ರಿಪ್ ಹಾಕಿದರು. ದಾರಿಯುದ್ದಕ್ಕೂ ಸೆಲ್ವಿ ಚಮಚದಲ್ಲಿ ನೀರು ಕುಡಿಸುತ್ತಲೇ ಬಂದಿದ್ದಳು. ಅದರಿಂದ ಒಳ್ಳೆಯದಾಯಿತು, ಹೆದರಬೇಕಾದ್ದಿಲ್ಲ, ನಾಳೆ ನಾಡಿದ್ದು ಕಳಿಸುತ್ತೇವೆ ಎಂದರು ಡಾಕ್ಟರು. ಗೋಪಾಲಪ್ಪ ಔಷಧಿ ತರಲು ಹೋದರು. ಮಂಚದ ಪಕ್ಕ ಸೆಲ್ವಿ ಕುಳಿತಿದ್ದಳು. ಚನ್ನಕೇಶವ ಕಿಟಕಿಯ ಬಳಿ ನಿಂತಿದ್ದ. ಕ್ಷಮೆ ಕೇಳುವ ಮಾತನ್ನು ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ. ಅದನ್ನು ಆಡಲು ಬಾಯಿ ತೆರೆಯುವಷ್ಟರಲ್ಲಿ ಸೆಲ್ವಿಯೇ ಮಾತಾಡಿದಳು. ಅವಳ ಅಷ್ಟು ಮಾತನ್ನು ಅವನು ಕೇಳಿದ್ದು ಅದೇ ಮೊದಲು.

"ನೀವು ಓದಿದೋರು ಹೇಳಿದ್ಮೇಲೆ ನಾನೂ ನಂಬುಟ್ಟೆ ಸಾರ್. ಯಾವತ್ತು ಬಿರ್ನೆ ಇಳಿಸ್ದೆ ಅಂತ ದಿನಾ ಕೂತು ನೆನಪು ಮಾಡ್ಕತಿದ್ದೆ. ಮಾಡ್ಕಂಡು ಮಾಡ್ಕಂಡು ಕೊನೆಗೆ ಒಂದಿನ ನೆನಪೂ ಬಂತು. ಆಡು ಬೇಲಿ ಹಾರಿತ್ತು, ಅದ್ರ ಹಿಂದೆ ಹೋಗ್ಬೇಕಾಗಿತ್ತು, ಅದಕ್ಕೆ ಬಾಟ್ಲಿ ಮೊದ್ಲೇ ಇಳಿಸ್ಬುಟ್ಟೆ ಅಂತ. ಆಡಿನ ಬಣ್ಣಾನೂ ಕಣ್ಣಿಗೆ ಕಟ್ತದೆ. ಈಗ ನೋಡಿದ್ರೆ ಅಂಗೇನೂ ಆಗೇ ಇಲ್ಲ."

ಅವಳು ಮಗುವಿನ ಡ್ರಿಪ್ ಹಾಕಿದ ಕೈಯನ್ನು ನೇರ ಮಾಡಿ ಇಟ್ಟಳು.

"ಹಟ್ಟಿಯೋರಿಗೆ ನೀವು ಹೆಂಗೂ ಹೇಳ್ತೀರಿ" ಎಂದಳು ಸೆಲ್ವಿ. "ಅದಕ್ಕಿಂತ ಮೊದ್ಲು ನಮ್ಮನೆಯವ್ರಿಗೆ ಹೇಳಿ. ಫೋನಲ್ಲಿ ಬ್ಯಾಡ. ಮುಂದೆ ನಿಂತು ಹೇಳಿ."

ಮಾರನೆಯ ದಿನ ಮೊದಲ ಪಾಳಿ ಬಿಡುವ ಹೊತ್ತಿಗೆ ಚನ್ನಕೇಶವ ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿದ್ದ. ನೀಲಿ ಅಂಗಿಯವರ ಗುಂಪಿನಿಂದ ಮುರುಗೇಶ್ ಅವನನ್ನು ಗುರುತಿಸಿ, ಟಿಫಿನ್ ಕ್ಯಾರಿಯರ್ ಬೀಸುತ್ತ ರಸ್ತೆ ದಾಟಿ ಬಂದ.

"ಏನ್ ಸಾರ್ ನೀವು ಇಲ್ಲಿ? ಬನ್ನಿ ಬನ್ನಿ. ಅಣ್ಣಾ, ರೆಂಡು ಟೀ." ಬೆಂಚಿನ ಮೇಲಿನ ಧೂಳನ್ನು ಕೈಯಿಂದ ಕೊಡವಿದ. "ಅಪ್ಪ ನಿನ್ನೆ ಫೋನ್ ಮಾಡಿದ್ರು. ಮಗೀಗೆ ಮತ್ತೆ ಆಗಿತ್ತಂತೆ, ಈಗ ಪರವಾಗಿಲ್ಲ, ಸಾರು ಬಂದು ಉಳಿಸಿದ್ರು ಅಂದ್ರು. ಅಷ್ಟರಲ್ಲಿ ಲೈನ್ ಕಟ್ಟಾಯ್ತು. ಇವತ್ತು ರಜಾ ಕೇಳಿದ್ರೆ ಸೂಪರ್‌ವೈಸರ್ ಕೊಡ್ಲಿಲ್ಲ. ನೀವಿದ್ದಿದ್ದು ದೇವ್ರಿದ್ದಂಗೆ ಆಯ್ತು ಸಾರ್. ಅವ್ಳಿಗೆ ನಾನು ಎಷ್ಟು ಹೇಳಿದ್ರೂ..."

"ಮುರುಗೇಶ್" ಎಂದ ಚನ್ನಕೇಶವ. "ಒಂದು ನಿಮಿಷ ಕೇಳಿ. ಅಕ್ಕಂದು ಏನೂ ತಪ್ಪಿಲ್ಲ."

ಈ ಸಲ ಅವನು ಮೊದಲಿನಿಂದ ಹೇಳಿದ. ಬೇಲಿಯ ಬಳಿ ನಿಂತಿದ್ದ ಹೆಂಗಸರನ್ನು ನೋಡಿ ತನಗೆ ಹೆದರಿಕೆಯಾದದ್ದನ್ನೂ ಬಿಡಲಿಲ್ಲ. ತಿಳಿಯಾಗಿದ್ದ ಸೀಸೆಗಳನ್ನೂ ಬಿಡಲಿಲ್ಲ. ಟೀ ಬಂತು. ಮುರುಗೇಶ್ ಲೋಟ ಕೈಗೆ ತೆಗೆದುಕೊಂಡವನು ಕುಡಿಯದೆ ಬೆಂಚಿನ ಮೇಲಿಟ್ಟ. ಅವನು ಬೈದರೆ ಕೇಳಿಸಿಕೊಳ್ಳಬೇಕು, ಕೈ ಎತ್ತಿದರೂ ಸುಮ್ಮನಿರಬೇಕು ಎಂದು ಚನ್ನಕೇಶವ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಮುರುಗೇಶ್ ಎರಡನ್ನೂ ಮಾಡಲಿಲ್ಲ.

"ಅವ್ಳಿಗೆ ನಾನು ಫೋನಲ್ಲಿ ಏನಂದೆ ಗೊತ್ತಾ ಸಾರ್?" ಎಂದ.

ಚನ್ನಕೇಶವ ತನ್ನ ಲೋಟವನ್ನೂ ಕೆಳಗಿಟ್ಟ.

"ಬ್ಯಾಡ. ನಿಮಗ್ಯಾಕೆ ಅದು." ಮುರುಗೇಶ್ ರಸ್ತೆಯ ಕಡೆ ನೋಡಿದ. "ಅವ್ಳು ಸುಮ್ನೆ ಕೇಳಿಸ್ಕಂಡ್ಲು. ಕೊನೆಗೆ, ಊಟ ಮಾಡಿದ್ರಾ ಅಂದ್ಲು. ನಾನು ಫೋನ್ ಇಟ್ಬುಟ್ಟೆ."

"ನಾನು ಅವತ್ತೇ ಬಂದು ಹೇಳಿದ್ರೆ..."

"ಹೂಂ" ಎಂದ ಮುರುಗೇಶ್. ಅದರಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಅಂಚೆಟ್ಟಿಗೆ ಈಗ ಬಸ್ ಐತಾ?"

"ಇದೆ. ಬಸ್‌ಸ್ಟ್ಯಾಂಡ್‌ವರೆಗೆ ನನ್ನ ಗಾಡೀಲೇ ಬಿಡ್ತೀನಿ. ಬನ್ನಿ."

"ಬ್ಯಾಡ ಸಾರ್. ನಾನು ಹೋಗ್ತೀನಿ."

ರೂಮಿಗೂ ಹೋಗದೆ, ಬಟ್ಟೆಯನ್ನೂ ಬದಲಿಸದೆ ಅವನು ಹೆದ್ದಾರಿಯ ಕಡೆ ನಡೆದ. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ಒಂದು ಆಟೋಗೆ ಕೈ ಅಡ್ಡ ಹಾಕಿದ, ಅದು ನಿಲ್ಲಲಿಲ್ಲ. ಟಿಫಿನ್ ಕ್ಯಾರಿಯರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡತೊಡಗಿದ. ಗಾಡಿ ತಂದು ಪಕ್ಕದಲ್ಲಿ ನಿಲ್ಲಿಸಿ ಕೂರಿ ಎನ್ನಬಹುದಿತ್ತು. ಬೀಗದ ಕೈ ಚನ್ನಕೇಶವನ ಕೈಯಲ್ಲೇ ಇತ್ತು. ಅವನು ಎದ್ದು ನಿಂತ, ಹೋಗಲಿಲ್ಲ.